ರೇಸಿಂಗ್ ಗೇಮಿನಲ್ಲಿ ಮೊದಲ ಕಾರು ಆರಿಸುವುದು ಹೇಗೆ: ಗ್ಯಾರೇಜಿನಿಂದ ಮೂರನೇ ಲ್ಯಾಪಿನ ತನಕ

ಬೇಸಿಗೆ ರಜೆಗೆ ಗದಗಿನಿಂದ ಬಂದಿದ್ದ ಅಕ್ಕನ ಮಗ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಕೂತು ಫೋರ್ಜಾ ಹೊರೈಜನ್ 5 ಶುರು ಮಾಡಿದ. ಪರದೆಯ ಮೇಲೆ ಮೂರು ಗಾಡಿ ನಿಂತಿದ್ದವು: ಶೆವ್ರೊಲೆ ಕಾರ್ವೆಟ್ ಸ್ಟಿಂಗ್‌ರೇ, ಟೊಯೊಟಾ ಜಿಆರ್ ಸುಪ್ರಾ, ಫೋರ್ಡ್ ಬ್ರಾಂಕೊ. ಅವನು ಯೋಚನೆಯನ್ನೇ ಮಾಡದೆ ಕಾರ್ವೆಟ್ ಮೇಲೆ ಒತ್ತಿದ.

"ಯಾಕೋ ಅದನ್ನಽ ತಗೊಂಡಿ?"

"ಮೂರರಾಗ ಅದಽ ಫಾಸ್ಟ್ ಕಾಣತೈತಿ ಮಾಮಾ."

ಮೊದಲ ದೊಡ್ಡ ತಿರುವಿಗೇ ಕಾರು ಗಿರಗಿರನೆ ತಿರುಗಿ ಪಾಪಾಸುಕಳ್ಳಿಯ ಮೆಳೆಯೊಳಗೆ ನುಗ್ಗಿತು. ರಿವೈಂಡ್ ಒತ್ತಿದ, ಮತ್ತೆ ಅದೇ ಜಾಗದಲ್ಲಿ ತಿರುಗಿತು. ಗೆಳೆಯನೊಬ್ಬ ಹೇಳಿದ್ದನೆಂದು, ಓಡಿಸಲು ಗೇಮೇ ನೆರವಾಗುವ ಅಸಿಸ್ಟ್‌ಗಳನ್ನೆಲ್ಲ ಆಫ್ ಮಾಡಿಕೊಂಡಿದ್ದ. ಏಳೆಂಟು ಸಲ ಆದ ಮೇಲೆ ಕಂಟ್ರೋಲರ್ ಕೆಳಗಿಟ್ಟು "ಈ ಗೇಮಽ ಚಲೋ ಇಲ್ಲ ಬಿಡು" ಅಂದ. ಗೇಮ್ ಚಲೋ ಇತ್ತು, ಕಾರೂ ಚಲೋ ಇತ್ತು. ಇವರಿಬ್ಬರ ಜೋಡಿ ಮಾತ್ರ ಆ ದಿನಕ್ಕೆ ಕೂಡಿಬಂದಿರಲಿಲ್ಲ.

ಇಪ್ಪತ್ತು ವರ್ಷದಿಂದ ಈ ಆಟಗಳನ್ನು ಆಡುತ್ತ ಬಂದ ನನಗೆ ಒಂದು ಮಾತು ಗಟ್ಟಿಯಾಗಿದೆ. ಮೊದಲ ಕಾರು ನಿಮ್ಮ ಜೊತೆ ಮಾತಾಡುವಂಥದ್ದಾಗಿರಬೇಕು. ನೀವು ತಪ್ಪಿದಾಗ "ಇಲ್ಲಿ ತಪ್ಪಿದಿ ನೋಡು" ಎಂದು ಹೇಳಬೇಕು, ಹೇಳಿ ತಿದ್ದಿಕೊಳ್ಳಲು ಒಂದು ಗಳಿಗೆ ಕೊಡಬೇಕು. ಅಂಥ ಕಾರನ್ನು ಗುರುತು ಹಿಡಿಯುವ ಬಗೆಯನ್ನು ಒಂದೊಂದೇ ಹೆಜ್ಜೆಯಾಗಿ ಬರೆಯುತ್ತೇನೆ. ಆ ಹುಡುಗನಿಗೆ ಕಲಿಸಿದ್ದೂ ಇದೇ ಕ್ರಮದಲ್ಲಿ.

ಹೆಜ್ಜೆ 1: ಕಾರಿಗಿಂತ ಮೊದಲು ನಿಮ್ಮ ಕೈ ನೋಡಿಕೊಳ್ಳಿ

ನೀವು ಆಡುವುದು ಕೀಬೋರ್ಡಿನಲ್ಲೋ, ಕಂಟ್ರೋಲರಿನಲ್ಲೋ, ಮೊಬೈಲಿನಲ್ಲೋ? ಕಾರಿನ ಆಯ್ಕೆಯ ಅರ್ಧ ಭಾಗ ಇಲ್ಲೇ ತೀರ್ಮಾನವಾಗುತ್ತದೆ.

ಕೀಬೋರ್ಡಿನ ಮೇಲ್ಬಾಣ ಒತ್ತಿದರೆ ನೂರಕ್ಕೆ ನೂರು ಆಕ್ಸಿಲರೇಟರ್, ಬಿಟ್ಟರೆ ಸೊನ್ನೆ. ನಡುವೆ ಏನೂ ಇಲ್ಲ. ಕಂಟ್ರೋಲರಿನ ಹಿಂಬದಿಯ ಟ್ರಿಗರ್ ಹಾಗಲ್ಲ, ಕಾಲು ಭಾಗ ಒತ್ತಬಹುದು, ಮುಕ್ಕಾಲು ಒತ್ತಬಹುದು, ತಿರುವು ಬಿಚ್ಚಿಕೊಂಡಂತೆ ನಿಧಾನಕ್ಕೆ ಪೂರ್ತಿ ಒತ್ತಬಹುದು. ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರು ಈ ಕಾಲು, ಅರ್ಧದ ಲೆಕ್ಕವನ್ನೇ ಬೇಡುತ್ತದೆ. ಹಾಗಾಗಿ ಕೀಬೋರ್ಡಿನಲ್ಲಿ ಅಂಥ ಕಾರು ಹಿಡಿದರೆ ಮೊದಲ ದಿನವೇ ಬೇಸರ ಗ್ಯಾರಂಟಿ.

ಇದನ್ನು ನಾನು ಕಲಿತದ್ದು 2006ರಲ್ಲಿ, ವಿದ್ಯಾನಗರದ ಒಂದು ಸೈಬರ್ ಕೆಫೆಯಲ್ಲಿ. ತಾಸಿಗೆ 20 ರೂಪಾಯಿ. ಮೂಲೆಯ ಕಂಪ್ಯೂಟರಿನ ಮೇಲ್ಬಾಣದ ಗುರುತು ಪೂರ್ತಿ ಸವೆದು ಬರೀ ಕರಿ ಗುಂಡಿಯಾಗಿತ್ತು. ಉಳಿದ ಕೀಲಿಗಳ ಅಕ್ಷರ ಹೊಸತರಂತೆ ಹೊಳೆಯುತ್ತಿದ್ದವು. ಆ ಕಂಪ್ಯೂಟರಿನಲ್ಲಿ ಎಲ್ಲರೂ ಏನು ಆಡುತ್ತಿದ್ದರೆಂದು ಅದನ್ನು ನೋಡಿದರೇ ಗೊತ್ತಾಗುತ್ತಿತ್ತು. 2005ರಲ್ಲಿ ಬಂದ ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್. ಆರಂಭದಲ್ಲೇ ರೇಜರ್ ಎಂಬವನು ನಿಮ್ಮ ಬಿಎಂಡಬ್ಲ್ಯು ಎಂ3 ಜಿಟಿಆರ್ ಕಸಿದುಕೊಳ್ಳುತ್ತಾನೆ, ಆಮೇಲೆ ಅಂಗಡಿಯಲ್ಲಿ ನಾಲ್ಕು ಕಾರು ಕಾಣುತ್ತವೆ: ಶೆವ್ರೊಲೆ ಕೋಬಾಲ್ಟ್ ಎಸ್ಎಸ್, ಫಿಯಟ್ ಪುಂಟೊ, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ, ಲೆಕ್ಸಸ್ ಐಎಸ್ 300. ನಾನು ಲೆಕ್ಸಸ್ ಕೊಂಡೆ, ನೋಡಲು ಸೊಗಸಾಗಿತ್ತೆಂದು. ನಾಲ್ಕರಲ್ಲಿ ಹಿಂದಿನ ಚಕ್ರದಿಂದ ಓಡುವ ಕಾರು ಅದೊಂದೇ ಎಂಬುದು ಗೊತ್ತಿರಲಿಲ್ಲ. ಸವೆದ ಆ ಗುಂಡಿ ಒತ್ತಿದಾಗಲೆಲ್ಲ ತಿರುವಿನ ತುದಿಯಲ್ಲಿ ಹಿಂಬದಿ ಜಾರುತ್ತಿತ್ತು. ಎರಡು ವಾರ ದುಡ್ಡು ಸುರಿದ ಮೇಲೆ ಪಕ್ಕದಲ್ಲಿ ಕೂತ ಅಣ್ಣನೊಬ್ಬ "ಗಾಲ್ಫ್ ತಗೋ ತಮ್ಮಾ, ಅದು ಮಾತು ಕೇಳತೈತಿ" ಅಂದ. ಹೊಸದಾಗಿ ಶುರು ಮಾಡಿ ಗಾಲ್ಫ್ ಕೊಂಡೆ. ಆ ಗೇಮಿನಲ್ಲಿ ಒಬ್ಬೊಬ್ಬರನ್ನಾಗಿ ಸೋಲಿಸಬೇಕಾದ ಹದಿನೈದು ರೇಸರುಗಳ ಪಟ್ಟಿಗೆ ಬ್ಲ್ಯಾಕ್‌ಲಿಸ್ಟ್ ಎಂದು ಹೆಸರು. ಬ್ಲ್ಯಾಕ್‌ಲಿಸ್ಟಿನ ಹದಿನೈದನೇ ಸ್ಥಾನದ ಸನ್ನಿಯ ಬಳಿ ಇರುವುದೂ ಗಾಲ್ಫೇ. ಅವನನ್ನು ಅವನದೇ ಕಾರಿನಲ್ಲಿ ಸೋಲಿಸಿದ ಆ ಸಂಜೆ ಉಣಕಲ್ಲಿನ ಮನೆಗೆ ನಡೆದೇ ಹೋದೆ, ಕಾಲು ನೆಲದ ಮೇಲಿರಲಿಲ್ಲ.

ಅದಾದ ಒಂದು ತಿಂಗಳಿಗೆ ಕೆಫೆಯವರು ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿಬಿಟ್ಟರು. ಒಂಬತ್ತನೇ ಸ್ಥಾನಕ್ಕೆ ಬಂದಿದ್ದ ನನ್ನ ಆಟವೂ ಹೋಯಿತು, ಆ ಗಾಲ್ಫೂ ಹೋಯಿತು. ಇವತ್ತಿಗೂ ಅದರ ಸಂಕಟ ಇದೆ. ಬೇರೆಯವರ ಕಂಪ್ಯೂಟರಿನಲ್ಲಿ ಆಡುವವರು ಸೇವ್ ಫೈಲನ್ನು ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಪ್ರೀತಿಯ ಕಾರನ್ನು ಕಳೆದುಕೊಳ್ಳುವುದು ಆಟದಲ್ಲೂ ಸಣ್ಣ ಮಾತಲ್ಲ.

ಕೈಯ ಲೆಕ್ಕ ಇಷ್ಟು: ಕೀಬೋರ್ಡಾದರೆ ಮುಂದಿನ ಚಕ್ರದ ಅಥವಾ ನಾಲ್ಕೂ ಚಕ್ರದ ಕಾರು. ಕಂಟ್ರೋಲರಾದರೆ ಯಾವುದೂ ಆದೀತು, ಆದರೆ ಶಕ್ತಿ ಕಡಿಮೆ ಇರಲಿ. ಸ್ಟೀರಿಂಗ್ ವ್ಹೀಲ್ ಕೊಳ್ಳುವ ಯೋಚನೆ ಇದ್ದರೆ ಅದನ್ನು ಎರಡನೇ ಕಾರಿನ ತನಕ ಮುಂದೂಡಿ.

ಹೆಜ್ಜೆ 2: ಈ ಆಯ್ಕೆ ಎಷ್ಟು ದಿನದ್ದು ಎಂದು ತಿಳಿದುಕೊಳ್ಳಿ

ಪರದೆ ನಿಮ್ಮನ್ನು ಹೆದರಿಸುವಂತೆ ಕೇಳುತ್ತದೆ, ಯಾವ ಕಾರು ಬೇಕು ಹೇಳು ಎಂದು. ನಿಜ ಹೇಳಬೇಕೆಂದರೆ ಎಷ್ಟೋ ಗೇಮುಗಳಲ್ಲಿ ಆ ಆಯ್ಕೆಯಿಂದ ಏನೂ ಮುಳುಗಿಹೋಗುವುದಿಲ್ಲ.

2022ರ ಮಾರ್ಚಿನಲ್ಲಿ ಬಂದ ಗ್ರಾನ್ ಟುರಿಸ್ಮೊ 7 ನೋಡಿ. ಗೇಮಿನೊಳಗಿನ ಕೆಫೆಯಲ್ಲಿ ಲೂಕಾ ಎಂಬಾತ ಮೊದಲ ಮೆನು ಪುಸ್ತಕ ಕೊಡುತ್ತಾನೆ. ಹಳೇ ಕಾರಿನ ಅಂಗಡಿಗೆ ಹೋದರೆ ಜಪಾನಿನ ಮೂರು ಪುಟ್ಟ ಕಾರುಗಳು: ಟೊಯೊಟಾ ಆಕ್ವಾ ಎಸ್, ಹೋಂಡಾ ಫಿಟ್ ಹೈಬ್ರಿಡ್, ಮಾಜ್ದಾ ಡೆಮಿಯೊ. ಒಂದನ್ನು ಕೊಂಡು ರೇಸುಗಳಲ್ಲಿ ಮೊದಲ ಮೂರರೊಳಗೆ ಬಂದರೆ ಉಳಿದೆರಡು ಬಹುಮಾನವಾಗಿ ಬರುತ್ತವೆ. ಮೂರನ್ನೂ ಕೂಡಿಸುವುದೇ ಆ ಪುಸ್ತಕದ ಕೆಲಸ. ಅಂದ ಮೇಲೆ ಇಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ? ನಾನಾದರೆ ಫಿಟ್ ತೆಗೆದುಕೊಳ್ಳುತ್ತೇನೆ. ನಮ್ಮಲ್ಲಿ ಹೋಂಡಾ ಜಾಝ್ ಎಂದು ಮಾರಾಟವಾದದ್ದು ಇದೇ ಕಾರು. ಹೆಸರು ಬೇರೆ, ಮುಖ ಅದೇ. ಕೊಪ್ಪೀಕರ ರಸ್ತೆಯಲ್ಲಿ ದಿನಾ ಕಾಣುವ ಕಾರನ್ನು ಪರದೆಯ ಮೇಲೆ ಓಡಿಸುವಾಗ ಅದರ ಉದ್ದ, ಅಗಲ ಕಣ್ಣಿಗೆ ಮೊದಲೇ ಗೊತ್ತಿರುತ್ತದೆ. ಇದು ಸಣ್ಣ ಅನುಕೂಲವಲ್ಲ.

ಫೋರ್ಜಾ ಹೊರೈಜನ್ 5ರಲ್ಲೂ ಆರಿಸದೆ ಬಿಟ್ಟ ಕಾರುಗಳು ಮುಂದೆ ನಿಮ್ಮ ಗ್ಯಾರೇಜಿಗೆ ಬರಬಲ್ಲಂಥವೇ. ಮೊಬೈಲಿನ ಆಸ್ಫಾಲ್ಟ್ 9ರಲ್ಲಿ, ಅಂದರೆ 2024ರಲ್ಲಿ ಆಸ್ಫಾಲ್ಟ್ ಲೆಜೆಂಡ್ಸ್ ಯುನೈಟ್ ಎಂದು ಹೆಸರು ಬದಲಿಸಿಕೊಂಡ ಗೇಮಿನಲ್ಲಿ, ಆರಂಭದ ಕಾರು ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್. 2012ರಿಂದ ನಮ್ಮ ಮಕ್ಕಳ ಕೈ ಬಿಡದ ಹಿಲ್ ಕ್ಲೈಂಬ್ ರೇಸಿಂಗ್‌ನಲ್ಲಿ ಜೀಪು. ಇವೆರಡರಲ್ಲಿ ಮೊದಲ ಗಾಡಿ ಕೊಟ್ಟದ್ದೇ, ಆರಿಸುವ ಮಾತಿಲ್ಲ. ಅಲ್ಲಿ ನಿಮ್ಮ ಆಯ್ಕೆ ಶುರುವಾಗುವುದು ಕೂಡಿಟ್ಟ ದುಡ್ಡನ್ನು ಯಾವ ಗಾಡಿಗೆ ಹಾಕಬೇಕು ಎನ್ನುವಲ್ಲಿ. ಅದಕ್ಕೆ ಏಳನೇ ಹೆಜ್ಜೆ ನೋಡಿ.

ಮೋಸ್ಟ್ ವಾಂಟೆಡ್ ಥರದ ಹಳೇ ಗೇಮುಗಳಲ್ಲಿ ಮಾತ್ರ ಆಯ್ಕೆ ನಿಜವಾಗಿಯೂ ತೂಕದ್ದು. ಕೈಯಲ್ಲಿ ಒಂದೇ ಕಾರಿಗಾಗುವಷ್ಟು ದುಡ್ಡಿರುತ್ತದೆ, ಅದರಲ್ಲೇ ಬಹಳ ದೂರ ಹೋಗಬೇಕು.

ಹೆಜ್ಜೆ 3: ಶಕ್ತಿ ಯಾವ ಚಕ್ರಕ್ಕೆ ಹೋಗುತ್ತದೆ ನೋಡಿ

ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಡಿ. ಕಾರಿನ ವಿವರದ ಪುಟದಲ್ಲಿ ಎಫ್ಎಫ್, ಎಫ್ಆರ್, ಎಂಆರ್, ಆರ್‌ಆರ್, 4ಡಬ್ಲ್ಯುಡಿ ಎಂದು ಎಲ್ಲೋ ಮೂಲೆಯಲ್ಲಿ ಬರೆದಿರುತ್ತದೆ. ಮೊದಲ ಅಕ್ಷರ ಎಂಜಿನ್ ಎಲ್ಲಿದೆ ಎಂದು ಹೇಳುತ್ತದೆ, ಎರಡನೆಯದು ಶಕ್ತಿ ಯಾವ ಚಕ್ರಕ್ಕೆ ಎಂದು. ಎಫ್ ಮುಂದೆ, ಎಂ ನಡುವೆ, ಆರ್ ಹಿಂದೆ. 4ಡಬ್ಲ್ಯುಡಿ ಎಂದರೆ ಶಕ್ತಿ ನಾಲ್ಕೂ ಚಕ್ರಕ್ಕೆ.

ಇದರ ಪರಿಣಾಮ ತಿಳಿಯಲು ಟೈರಿನ ಹಿಡಿತವನ್ನು ನೂರು ರೂಪಾಯಿಯ ನೋಟೆಂದು ಭಾವಿಸಿ. ಬ್ರೇಕಿಗೆ ಎಂಬತ್ತು ಖರ್ಚು ಮಾಡಿದರೆ ತಿರುಗಲು ಉಳಿಯುವುದು ಸ್ವಲ್ಪವೇ. ತಿರುಗಲು ನೂರನ್ನೂ ಕೊಟ್ಟರೆ ಆಕ್ಸಿಲರೇಟರಿಗೆ ಒಂದು ಪೈಸೆ ಇಲ್ಲ. ಟೈರು ಸಾಲ ಕೊಡುವುದಿಲ್ಲ. ನೂರು ದಾಟಿದ ಕ್ಷಣ ಜಾರುತ್ತದೆ.

ಮುಂದಿನ ಚಕ್ರದ ಕಾರಿನಲ್ಲಿ ತಿರುಗಿಸುವುದೂ ಮುಂದಿನ ಟೈರು, ಎಳೆಯುವುದೂ ಮುಂದಿನ ಟೈರು. ತಿರುವಿನಲ್ಲಿ ಅವಸರದಿಂದ ಆಕ್ಸಿಲರೇಟರ್ ಒತ್ತಿದರೆ ಮುಂದಿನ ಟೈರಿನ ನೋಟು ಖಾಲಿಯಾಗಿ ಕಾರು ತಿರುಗದೆ ನೇರವಾಗಿ ಹೊರಗೆ ಸರಿಯುತ್ತದೆ. ಅಂಡರ್‌ಸ್ಟೀರ್ ಎಂದರೆ ಇದೇ. ಮದ್ದು ಸುಲಭ, ಆಕ್ಸಿಲರೇಟರ್ ಬಿಡಿ, ಮೂತಿ ತಾನೇ ಒಳಗೆ ಬರುತ್ತದೆ. ಹೆದರಿದ ಮನುಷ್ಯ ಮೊದಲು ಮಾಡುವುದೂ ಅದನ್ನೇ. ಅಂದರೆ ನಿಮ್ಮ ಭಯವೇ ನಿಮ್ಮನ್ನು ಕಾಯುತ್ತದೆ. ಗಾಲ್ಫ್, ಫಿಟ್, ಡೆಮಿಯೊ ಎಲ್ಲ ಈ ಗುಂಪಿನವು.

ಹಿಂದಿನ ಚಕ್ರದ ಕಾರಿನಲ್ಲಿ ಕೆಲಸ ಹಂಚಿಕೆಯಾಗಿದೆ, ಮುಂದಿನವು ತಿರುಗಿಸುತ್ತವೆ, ಹಿಂದಿನವು ತಳ್ಳುತ್ತವೆ. ಓಡಿಸಲು ಇದರಷ್ಟು ಸುಖ ಬೇರೆ ಇಲ್ಲ. ಆದರೆ ಅವಸರಪಟ್ಟರೆ ಹಿಂದಿನ ಟೈರು ಜಾರಿ ಬಾಲ ಹೊರಗೆ ಬರುತ್ತದೆ. ಇದು ಓವರ್‌ಸ್ಟೀರ್. ಇಲ್ಲಿ ಹೆದರಿ ಸಟಕ್ಕನೆ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಹೋಗಿ ಹಿಂಬದಿ ಇನ್ನೂ ಹಗುರಾಗುತ್ತದೆ, ಕಾರು ಪೂರ್ತಿ ತಿರುಗುತ್ತದೆ. ಮಳೆಗಾಲದಲ್ಲಿ ಎರಿ ಮಣ್ಣಿನ ದಾರಿಯಲ್ಲಿ ಸೈಕಲ್ ಹೊಡೆದವರಿಗೆ ಈ ಜಾರು ಗೊತ್ತು. ಹಿಂದಿನ ಗಾಲಿ ಸರಿದಾಗ ಗಾಬರಿಯಿಂದ ಬ್ರೇಕ್ ಹಿಡಿದವನು ಕೆಸರಿಗೆ ಬೀಳುತ್ತಾನೆ, ಹ್ಯಾಂಡಲ್ಲನ್ನು ಸರಿದ ಕಡೆಗೇ ಮೆತ್ತಗೆ ತಿರುಗಿಸಿದವನು ಉಳಿಯುತ್ತಾನೆ. ಕಾರಿನಲ್ಲೂ ಹಾಗೇ.

ಭಾರ ಮುಂದಕ್ಕೆ ಹೋಗುವುದೆಂದರೇನು ಎಂದು ಹುಡುಗ ಕೇಳಿದ. ನೌಕರಿಗೆ ಹೋಗುವ ಹೊತ್ತಿನಲ್ಲಿ ಚಿಗರಿ ಬಸ್ಸಿನಲ್ಲಿ ನಿಂತು ಧಾರವಾಡಕ್ಕೆ ಹೋಗಿ ನೋಡು ಅಂದೆ. ಡ್ರೈವರ್ ಬ್ರೇಕ್ ಹಿಡಿದಾಗ ನಿಂತವರೆಲ್ಲ ಮುಂದಕ್ಕೆ ವಾಲುತ್ತಾರೆ, ಹೊರಟಾಗ ಹಿಂದಕ್ಕೆ. ಕಾರಿನ ತೂಕವೂ ಹೀಗೇ ವಾಲುತ್ತದೆ. ತೂಕ ಬಿದ್ದ ಟೈರಿಗೆ ಹಿಡಿತ ಹೆಚ್ಚು, ತೂಕ ಎದ್ದ ಟೈರಿಗೆ ಕಡಿಮೆ. ಮರುದಿನ ಅವನು ನಿಜಕ್ಕೂ ಬಸ್ಸು ಹತ್ತಿದ. ಮಧ್ಯಾಹ್ನ ಬಂದವನೇ "ಮಾಮಾ, ಬ್ರೇಕ್ ಹಿಡದ ಮ್ಯಾಲ ತಿರಗಬೇಕಲ್ಲ? ಆಗ ಮುಂದಿನ ಗಾಲಿ ಗಟ್ಟಿ ಹಿಡದಿರತಾವು!" ಎಂದು ತಾನೇ ಕಂಡುಕೊಂಡ ಹಾಗೆ ಹೇಳಿದ. ರೇಸಿನವರು ವರ್ಷಗಟ್ಟಲೆ ತಿಕ್ಕುವ ಪಾಠ ಅದು.

ಎಂಜಿನ್ ನಡುವೆ ಇರುವ ಎಂಆರ್ ಕಾರುಗಳು ಚುರುಕು, ತಿರುವಿಗೆ ಸಟ್ಟನೆ ಬೀಳುತ್ತವೆ, ಆದರೆ ಜಾರತೊಡಗಿದರೆ ಅಷ್ಟೇ ಬೇಗ ಗಿರ್ರೆಂದು ತಿರುಗಿಬಿಡುತ್ತವೆ. 2020ರ ಕಾರ್ವೆಟ್ ಈ ಜಾತಿಯದು. ಅದಕ್ಕೂ ಹಿಂದೆ ಅಂಗಡಿಯಲ್ಲಿ ಮಾರಿದ ಕಾರ್ವೆಟ್‌ಗಳಿಗೆಲ್ಲ ಎಂಜಿನ್ ಮುಂದೆ ಇರುತ್ತಿತ್ತು, ಈ ಮಾದರಿಯಿಂದ ನಡುವಿಗೆ ಬಂತು. ಅಕ್ಕನ ಮಗ ಮೊದಲ ದಿನ ಹಿಡಿದದ್ದು ಇದನ್ನೇ, ಅದೂ ಅಸಿಸ್ಟ್ ಇಲ್ಲದೆ. ನಾಲ್ಕೂ ಚಕ್ರದ ಕಾರು ಮಣ್ಣಿನಲ್ಲೂ ಮಳೆಯಲ್ಲೂ ಕೈ ಹಿಡಿಯುತ್ತದೆ. ಫೋರ್ಜಾ ಹೊರೈಜನ್ 5 ನಡೆಯುವ ಮೆಕ್ಸಿಕೊದಲ್ಲಿ ಅರ್ಧ ಊರು ಮಣ್ಣೇ ಆಗಿರುವುದರಿಂದ ಅಲ್ಲಿ ಶುರು ಮಾಡುವವರಿಗೆ ಬ್ರಾಂಕೊ ಒಳ್ಳೆಯದು. ಡಾಂಬರಿನ ಮೇಲೆ ಅದು ತೂಗಾಡುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಹೆಜ್ಜೆ 4: ಹಾರ್ಸ್‌ಪವರ್ ಒಂದನ್ನೇ ಓದಬೇಡಿ, ತೂಕದಿಂದ ಭಾಗಿಸಿ

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ನಮ್ಮ ಕಡೆ ಅದು ಮಕ್ಕಳಿಗೂ ಗೊತ್ತು. ಕಾರಿನ ಬಣ್ಣ, ಹಿಂದಿನ ರೆಕ್ಕೆ, ಸೈಲೆನ್ಸರಿನ ಸದ್ದು ನೋಡಿ ವೇಗ ಅಳೆಯಬೇಡಿ. ಅಳತೆ ಇಲ್ಲಿದೆ: ತೂಕವನ್ನು ಹಾರ್ಸ್‌ಪವರಿನಿಂದ ಭಾಗಿಸಿ, ಒಂದು ಕುದುರೆ ಎಷ್ಟು ಕಿಲೊ ಎಳೆಯಬೇಕು ಎಂದು ಬರುತ್ತದೆ.

ಗ್ರಾನ್ ಟುರಿಸ್ಮೊ 7ರ ಸುಝುಕಿ ಸ್ವಿಫ್ಟ್ ಸ್ಪೋರ್ಟ್, 2017ರದ್ದು. ತೂಕ 970 ಕಿಲೊ, ಶಕ್ತಿ 140. ಒಂದು ಕುದುರೆಗೆ ಸುಮಾರು 7 ಕಿಲೊ. ಕಾರ್ವೆಟ್‌ನ 6.2 ಲೀಟರ್ ಎಂಜಿನ್ನಿಗೆ 490 ಹಾರ್ಸ್‌ಪವರ್, ತೂಕ 1,650 ಕಿಲೊ ಆಸುಪಾಸು. ಒಂದು ಕುದುರೆಗೆ ಮೂರೂವರೆ ಕಿಲೊಗೂ ಕಡಿಮೆ. ಕಲಿಯುವವರಿಗೆ 6ರಿಂದ 9ರ ನಡುವೆ ಬರುವ ಕಾರು ಚಲೋ ಎಂಬುದು ನನ್ನ ಅನುಭವದ ಲೆಕ್ಕ. 5ರ ಕೆಳಗಿದ್ದರೆ ತಿರುವು ಕಣ್ಣಿಗೆ ಬೀಳುವ ಮೊದಲೇ ಬಂದುಬಿಟ್ಟಿರುತ್ತದೆ.

ವೇಗ ಹೆಚ್ಚಿದರೆ ಕಷ್ಟ ಯಾಕೆ ಹೆಚ್ಚುತ್ತದೆ? ವೇಗ ಎರಡು ಪಟ್ಟಾದರೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಒಳ್ಳೆಯ ಟೈರಿನ ಕಾರು ತಾಸಿಗೆ 100 ಕಿಲೊಮೀಟರಿನಿಂದ ನಿಲ್ಲಲು ಸುಮಾರು 40 ಮೀಟರ್ ಬೇಕು. 200ರಿಂದ ನಿಲ್ಲಲು ಸುಮಾರು 160. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ. ಈ ತುದಿಯಿಂದ ಆ ತುದಿಗೆ ಬ್ಯಾಗು ಹೊತ್ತು ನಡೆದವರಿಗೆ ಅದು ಎಷ್ಟು ದೂರ ಎಂದು ಕಾಲಿಗೆ ಗೊತ್ತು. 200ರ ವೇಗದಲ್ಲಿ ಅದು 27 ಸೆಕೆಂಡಿನಲ್ಲಿ ಮುಗಿಯುತ್ತದೆ. ನಿಧಾನದ ಕಾರು ನಿಮಗೆ ಕೊಡುವುದು ಯೋಚಿಸಲು ಹೊತ್ತು.

ಗೇಮುಗಳೂ ಒಂದು ಒಟ್ಟು ಅಂಕ ಕೊಡುತ್ತವೆ. ಗ್ರಾನ್ ಟುರಿಸ್ಮೊದಲ್ಲಿ ಅದರ ಹೆಸರು ಪಿಪಿ. ಫೋರ್ಜಾ ಹೊರೈಜನ್ 5ರಲ್ಲಿ ಪಿಐ: 500ರ ತನಕ ಡಿ ವರ್ಗ, 600ರ ತನಕ ಸಿ, 700ರ ತನಕ ಬಿ, 800ರ ತನಕ ಎ, ಮೇಲೆ ಎಸ್1, ಎಸ್2, ಎಕ್ಸ್. ಕೊಟ್ಟ ಕಾರು ಯಾವುದೇ ಇರಲಿ, ಅಂಗಡಿಗೆ ಹೋಗಿ ಸಿ ಅಥವಾ ಬಿ ವರ್ಗದ ಒಂದು ಪುಟ್ಟ ಕಾರು ಕೊಂಡುಕೊಳ್ಳಿ. ಮಾಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನದು ಸಿಕ್ಕರೆ ಬಿಡಬೇಡಿ. 1989ರಲ್ಲಿ ಬಂದ ಈ ಎರಡು ಸೀಟಿನ ಕಾರು ಸಾವಿರ ಕಿಲೊಗಿಂತ ಹಗುರ, ಶಕ್ತಿ ಕಡಿಮೆ, ಹಿಂದಿನ ಚಕ್ರದ್ದಾದರೂ ಮೆತ್ತಗೆ ಜಾರಿ ಮೆತ್ತಗೆ ಮರಳುತ್ತದೆ. ಕಂಟ್ರೋಲರ್ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ನನಗೆ ಕಂಡಿಲ್ಲ.

ಹೆಜ್ಜೆ 5: ಸೆಟ್ಟಿಂಗ್ ಸರಿ ಮಾಡಿ, ಆಮೇಲೆ ಕಾರನ್ನು ದೂರಿ

ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಆನ್ ಇರಲಿ. ಆಕ್ಸಿಲರೇಟರ್ ಒತ್ತಿದಾಗ ಚಕ್ರ ಜಾರದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ಕಡಿಮೆ ಅಂಕದಲ್ಲಿ ಇರಲಿ, ಪೂರ್ತಿ ತೆಗೆಯಬೇಡಿ. ದಾರಿ ತೋರಿಸುವ ಗೆರೆಯನ್ನು ಬ್ರೇಕಿನ ಜಾಗಕ್ಕೆ ಮಾತ್ರ ಇಟ್ಟುಕೊಳ್ಳಿ. ಇಡೀ ಗೆರೆ ಕಾಣುತ್ತಿದ್ದರೆ ಕಣ್ಣು ಗೆರೆಗೆ ಅಂಟಿಕೊಂಡು ರಸ್ತೆ ನೋಡುವುದನ್ನೇ ಬಿಡುತ್ತದೆ. ಆಸ್ಫಾಲ್ಟ್ ಆಡುವವರು ಟಚ್‌ಡ್ರೈವ್ ತೆಗೆದು ಕೈಯಿಂದ ತಿರುಗಿಸುವ ನಿಯಂತ್ರಣಕ್ಕೆ ಬನ್ನಿ. ಅದು ಆನ್ ಇದ್ದರೆ ಸ್ಟೀರಿಂಗ್ ಗೇಮಿನ ಕೈಯಲ್ಲಿರುತ್ತದೆ, ಯಾವ ಕಾರಾದರೂ ಒಂದೇ ಥರ ಅನ್ನಿಸುತ್ತದೆ.

ಹೆಡ್‌ಫೋನ್ ಹಾಕಿಕೊಳ್ಳಿ. ಟೈರು ಹಿಡಿತದ ಅಂಚಿಗೆ ಬಂದಾಗ ಮೊದಲು ಸಣ್ಣಗೆ ಸುಯ್‌ಗುಡುತ್ತದೆ, ಅಂಚು ದಾಟಿದಾಗ ಕೀಂಯ್ ಎಂದು ಕಿರುಚುತ್ತದೆ. ಆ ಸುಯ್ ಸದ್ದಿನಲ್ಲೇ ತಿರುವು ಮುಗಿಸುವುದು ಕಲೆ. ಪ್ಲೇಸ್ಟೇಷನ್ 5 ಇದ್ದವರಿಗೆ ಬ್ರೇಕಿನ ಟ್ರಿಗರ್ ಬೆರಳಿನಡಿ ನಡುಗಿ ಸುಳಿವು ಕೊಡುತ್ತದೆ. ಗ್ರಾನ್ ಟುರಿಸ್ಮೊ 7ರ ಮುಖ್ಯ ಆಟಕ್ಕೆ ಇಂಟರ್‌ನೆಟ್ ಬೇಕೇ ಬೇಕು ಎಂಬುದೂ ನೆನಪಿರಲಿ. ಕರೆಂಟ್ ಕೈಕೊಡುವ ಹೊತ್ತು ಗೊತ್ತಿದ್ದರೆ ಉದ್ದದ ರೇಸನ್ನು ಆಗ ಇಟ್ಟುಕೊಳ್ಳಬೇಡಿ.

ಹೆಜ್ಜೆ 6: ಮೂರು ಲ್ಯಾಪಿನ ಪರೀಕ್ಷೆ

ಹಾವೇರಿ ಕಡೆ ಎತ್ತು ಕೊಳ್ಳುವವರು ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ನೋಡುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ, ಸಾಧ್ಯವಾದರೆ ಹೂಡಿಯೂ ನೋಡುತ್ತಾರೆ. ಕಾರಿಗೂ ಅಷ್ಟೇ ಶ್ರದ್ಧೆ ಬೇಕು.

ಸಣ್ಣ ಟ್ರ್ಯಾಕ್ ಆರಿಸಿ. ಗ್ರಾನ್ ಟುರಿಸ್ಮೊದಲ್ಲಿ ಸುಕುಬಾ ಇದೆ, ಸುತ್ತಳತೆ ಎರಡು ಕಿಲೊಮೀಟರಿಗೆ ಸ್ವಲ್ಪ ಹೆಚ್ಚು. ಬಿಗಿಯಾದ ತಿರುವು, ಉದ್ದನೆ ತಿರುವು, ನೇರ ರಸ್ತೆ, ಎಲ್ಲ ಅದರೊಳಗೇ ಇದೆ. ನ್ಯೂರ್‌ಬರ್ಗ್‌ರಿಂಗಿನ ಉತ್ತರ ಸುತ್ತಿಗೆ ಮೊದಲ ದಿನ ಹೋಗಬೇಡಿ. ಒಂದು ಸುತ್ತು 20.8 ಕಿಲೊಮೀಟರ್, ಹೆಚ್ಚು ಕಡಿಮೆ ಹುಬ್ಬಳ್ಳಿಯಿಂದ ಧಾರವಾಡದಷ್ಟು. ಒಂದು ತಿರುವಿನಲ್ಲಿ ಮಾಡಿದ ತಪ್ಪನ್ನು ತಿದ್ದಲು ಅದೇ ತಿರುವು ಮತ್ತೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ, ತಪ್ಪೂ ಮರೆತಿರುತ್ತದೆ. ಫೋರ್ಜಾದಲ್ಲಾದರೆ ಊರ ಹೊರಗಿನ ಒಂದು ಸಣ್ಣ ರಸ್ತೆಯನ್ನು ನೀವೇ ಗೊತ್ತು ಮಾಡಿಕೊಂಡು ಅಲ್ಲೇ ಹೋಗಿ ಬಂದು ಮಾಡಿ.

ಮೊದಲ ಲ್ಯಾಪು, ಅಂದರೆ ಟ್ರ್ಯಾಕಿನ ಮೊದಲ ಸುತ್ತು, ನಿಧಾನಕ್ಕೆ, ಶಕ್ತಿಯ ಮುಕ್ಕಾಲು ಪಾಲಿನಲ್ಲಿ. ಪ್ರತಿ ತಿರುವಿಗೂ ಬ್ರೇಕ್ ಹಿಡಿಯಲು ಒಂದು ಗುರುತು ಇಟ್ಟುಕೊಳ್ಳಿ: ಒಂದು ಫಲಕ, ಒಂದು ಮರ, ನೆರಳಿನ ಅಂಚು.

ಎರಡನೆಯದರಲ್ಲಿ ಅದೇ ಗುರುತಿನಲ್ಲಿ ಬ್ರೇಕ್ ಹಿಡಿದು, ಬಿಟ್ಟು, ತಿರುಗಿ. ಒಂದೇ ಗುರುತಿಗೆ ಕಾರು ಒಂದೇ ಥರ ಉತ್ತರಿಸುತ್ತದೆಯೇ? ಒಮ್ಮೆ ಚೆನ್ನಾಗಿ ತಿರುಗಿ ಇನ್ನೊಮ್ಮೆ ಜಾರಿದರೆ ನಿಮ್ಮ ಬೆರಳು ಇನ್ನೂ ಅದರ ಭಾಷೆ ಕಲಿತಿಲ್ಲ ಎಂದರ್ಥ.

ಮೂರನೆಯ ಲ್ಯಾಪೇ ಮುಖ್ಯ. ಬೇಕಂತಲೇ ತಪ್ಪು ಮಾಡಿ. ಒಂದು ತಿರುವಿಗೆ ವೇಗ ಜಾಸ್ತಿ ಒಯ್ಯಿರಿ. ಇನ್ನೊಂದರ ನಡುವೆ ಆಕ್ಸಿಲರೇಟರ್ ತಟಕ್ಕನೆ ಬಿಡಿ. ಮತ್ತೊಂದರಲ್ಲಿ ಬೇಗನೆ ಪೂರ್ತಿ ಒತ್ತಿ. ಪ್ರತಿ ಸಲ ಕಾರು ಏನು ಮಾಡಿತು, ಅದನ್ನು ನೀವು ಹಿಡಿದು ತಂದಿರಾ, ನೋಡಿ. ಮೂರರಲ್ಲಿ ಎರಡು ತಪ್ಪನ್ನಾದರೂ ಗೋಡೆಗೆ ತಾಗದೆ ತಿದ್ದಿಕೊಳ್ಳಲು ಆದರೆ ಅದು ನಿಮ್ಮ ಕಾರು. ಆಮೇಲೆ ರಿಪ್ಲೇ ಹಾಕಿ ಹೊರಗಿನಿಂದ ನೋಡಿ. ಒಳಗೆ ಕೂತಾಗ ಕಾರಿನದೆಂದು ಅನ್ನಿಸಿದ ತಪ್ಪು ಹೊರಗಿನಿಂದ ನೋಡಿದಾಗ ಬ್ರೇಕ್ ತಡವಾಗಿ ಹಿಡಿದದ್ದೆಂದು ಕಾಣುತ್ತದೆ.

ಅಕ್ಕನ ಮಗ ಈ ಪರೀಕ್ಷೆಗೆ ಗ್ರಾನ್ ಟುರಿಸ್ಮೊದಲ್ಲಿ ಫಿಟ್ ಒಯ್ದ. ಬಿಗಿ ತಿರುವಿನಲ್ಲಿ ಪೂರ್ತಿ ಒತ್ತಿದ, ಕಾರು ಹೊರಗೆ ಸರಿಯಿತು, ಬೆರಳು ಸಡಿಲಿಸಿದ, ಮೂತಿ ಒಳಗೆ ಬಂತು. ಹಿಂದಿನ ದಿನ "ಚಲೋ ಇಲ್ಲ" ಅಂದವನು ಅದನ್ನೇ ಹನ್ನೆರಡು ಸಲ ಮಾಡಿದ. ಊಟಕ್ಕೆ ಕರೆದರೂ ಎದ್ದಿಲ್ಲ.

ಹೆಜ್ಜೆ 7: ದುಡ್ಡನ್ನು ಎಂಜಿನ್ನಿಗೆ ಕೊನೆಗೆ ಹಾಕಿ

ಮೊದಲ ಬಹುಮಾನದ ದುಡ್ಡು ಬಂದ ತಕ್ಷಣ ಎಲ್ಲರ ಕೈಯೂ ಟರ್ಬೊ ಕಡೆ ಹೋಗುತ್ತದೆ. ತಡೆಯಿರಿ. ಮೊದಲು ಟೈರು, ಆಮೇಲೆ ಬ್ರೇಕು, ಸಸ್ಪೆನ್ಷನ್, ತೂಕ ಇಳಿಸುವುದು. ಎಂಜಿನ್ ಕಟ್ಟಕಡೆಗೆ. ಗ್ರಾನ್ ಟುರಿಸ್ಮೊದಲ್ಲಿ ಟೈರುಗಳು ಕಂಫರ್ಟ್, ಸ್ಪೋರ್ಟ್ಸ್, ರೇಸಿಂಗ್ ಎಂದು ಏರುತ್ತ ಹೋಗುತ್ತವೆ, ಪ್ರತಿಯೊಂದರಲ್ಲೂ ಹಾರ್ಡ್, ಮೀಡಿಯಂ, ಸಾಫ್ಟ್ ಇವೆ. ಒಂದು ಮೆಟ್ಟಿಲು ಮಾತ್ರ ಏರಿ. ನೇರವಾಗಿ ರೇಸಿಂಗ್ ಸಾಫ್ಟ್ ಹಾಕಿದರೆ ಪುಟ್ಟ ಕಾರು ಹಳಿಯ ಮೇಲಿನ ರೈಲಾಗುತ್ತದೆ, ಜಾರುವುದೇ ಇಲ್ಲ, ಕಲಿಯಲು ಏನೂ ಉಳಿಯುವುದಿಲ್ಲ.

ಹಿಲ್ ಕ್ಲೈಂಬ್ ರೇಸಿಂಗ್‌ನ ಜೀಪಿಗೆ ಎಂಜಿನ್, ಸಸ್ಪೆನ್ಷನ್, ಟೈರು, ನಾಲ್ಕು ಚಕ್ರದ ಎಳೆತ ಎಂದು ನಾಲ್ಕು ಬಾಬತ್ತು. ಮಕ್ಕಳು ನಾಣ್ಯವನ್ನೆಲ್ಲ ಎಂಜಿನ್ನಿಗೆ ಸುರಿದು, ಗುಡ್ಡದ ತುದಿಯಲ್ಲಿ ಜೀಪು ಹಿಂದಕ್ಕೆ ಮಗುಚಿ ಅದನ್ನು ಓಡಿಸುವ ಬಿಲ್ಲನ ತಲೆ ಬಡಿಸುತ್ತಾರೆ. ಟೈರು, ಸಸ್ಪೆನ್ಷನ್ ಎರಡು ಮೂರು ಮೆಟ್ಟಿಲು ಏರಿದ ಮೇಲೆ ಎಂಜಿನ್ ಒಂದು ಮೆಟ್ಟಿಲು, ಈ ಲೆಕ್ಕದಲ್ಲಿ ಹೋಗಿ. ಗಾಳಿಯಲ್ಲಿದ್ದಾಗ ಗ್ಯಾಸ್ ಒತ್ತಿದರೆ ಮೂತಿ ಮೇಲೆ, ಬ್ರೇಕ್ ಒತ್ತಿದರೆ ಕೆಳಗೆ. ಇಷ್ಟು ಗೊತ್ತಿದ್ದರೆ ಬಡ ಜೀಪೂ ಬಹಳ ದೂರ ಹೋಗುತ್ತದೆ. ಹೊಸ ಗಾಡಿಗೆ ನಾಣ್ಯ ಕೂಡಿಸುವ ಮೊದಲು ಜೀಪನ್ನು ಇಷ್ಟರ ಮಟ್ಟಿಗಾದರೂ ತಯಾರು ಮಾಡಿ. ಆಸ್ಫಾಲ್ಟ್‌ನಲ್ಲಿ ಕಾರು ಪಡೆಯಲು, ಬೆಳೆಸಲು ಬೇಕಾದ ಬ್ಲೂಪ್ರಿಂಟ್ ಎಂಬ ಚೀಟಿಗಳು ಹತ್ತು ಕಾರಿಗೆ ಚೂರು ಚೂರು ಹಂಚಿಹೋದರೆ ಒಂದೂ ಮೇಲೇರುವುದಿಲ್ಲ. ಡಿ ವರ್ಗದಲ್ಲಿ ಒಂದೆರಡನ್ನು ಹಿಡಿದು ಅವನ್ನೇ ಬೆಳೆಸಿ.

ಹೆಜ್ಜೆ 8: ಇಷ್ಟೆಲ್ಲ ಆದ ಮೇಲೂ ಮನಸ್ಸಿಗೆ ಹಿಡಿಸಬೇಕು

ಲೆಕ್ಕ ಸರಿಯಿದ್ದು ಮನಸ್ಸು ಒಪ್ಪದ ಕಾರನ್ನು ನೀವು ಮೂರು ದಿನಕ್ಕಿಂತ ಹೆಚ್ಚು ಓಡಿಸುವುದಿಲ್ಲ. ಪರೀಕ್ಷೆಯಲ್ಲಿ ಎರಡು ಕಾರು ಸರಿಸಮ ಬಂದರೆ ಕಣ್ಣಿಗೆ ಚೆಂದ ಕಂಡದ್ದನ್ನು ತೆಗೆದುಕೊಳ್ಳಿ, ಯಾರ ಮಾತೂ ಕೇಳಬೇಡಿ. ಅಪ್ಪ ಓಡಿಸುತ್ತಿದ್ದ ಕಾರು, ಓಣಿಯ ಡಾಕ್ಟರರ ಹತ್ತಿರ ಇದ್ದ ಕಾರು, ಮದುವೆಗೆ ಹೋಗುವಾಗ ಕಿಟಕಿಯ ಪಕ್ಕ ಕೂತಿದ್ದ ಕಾರು, ಇವೆಲ್ಲ ಆರಿಸಲು ಸರಿಯಾದ ಕಾರಣಗಳೇ.

ಬಣ್ಣ ಹಚ್ಚಿ, ನಂಬರ್ ಹಾಕಿ, ನಿಮ್ಮದನ್ನಾಗಿ ಮಾಡಿಕೊಳ್ಳಿ. ಈ ಪ್ರೀತಿಯನ್ನು ನೋಡಬೇಕೆಂದರೆ ಬಸ್ ಸಿಮ್ಯುಲೇಟರ್ ಇಂಡೊನೇಷ್ಯಾ ಆಡುವ ನಮ್ಮ ಹುಡುಗರನ್ನು ನೋಡಬೇಕು. ಇಂಡೊನೇಷ್ಯಾದ ಬಸ್ಸಿಗೆ ನಮ್ಮ ವಾಯವ್ಯ ಸಾರಿಗೆಯ ಬಣ್ಣ ಬಳಿದು, ಮುಂದೆ "ಹುಬ್ಬಳ್ಳಿ" ಎಂದು ಬೋರ್ಡು ಹಾಕಿ ಓಡಿಸುತ್ತಾರೆ. ಕಿಟಕಿಯ ಪಟ್ಟಿಯ ಅಗಲ ಕೂದಲೆಳೆಯಷ್ಟು ತಪ್ಪಿದರೂ ಗುರುತು ಹಿಡಿದು ತಿದ್ದುವ ಹುಡುಗರಿದ್ದಾರೆ. ಅಷ್ಟು ಹಚ್ಚಿಕೊಂಡ ಗಾಡಿಯನ್ನು ಯಾರೂ ಕಂಡಲ್ಲಿ ಗುದ್ದಿಸುವುದಿಲ್ಲ, ಮೆತ್ತಗೆ ತಿರುಗಿಸುತ್ತಾರೆ. ಓಡಿಸುವ ಕೈ ತಾನಾಗಿ ಸುಧಾರಿಸುತ್ತದೆ.

ಗೇಮಿನಲ್ಲಿ ಫೇವರಿಟ್ ಎಂದು ಗುರುತು ಹಾಕುವ ಸೌಲಭ್ಯವಿದ್ದರೆ ಮೊದಲ ಕಾರಿಗೆ ಹಾಕಿಡಿ. ಮುಂದೆ ನೂರು ಕಾರು ಬಂದಾಗ ತಪ್ಪಿ ಮಾರಿಬಿಡುವ ಭಯ ಇರುವುದಿಲ್ಲ.

ಹೆಜ್ಜೆ 9: ಎರಡನೇ ಕಾರಿಗೆ ಯಾವಾಗ ಹೋಗಬೇಕು

ಅದೇ ಸಣ್ಣ ಟ್ರ್ಯಾಕಿನಲ್ಲಿ ಸತತ ಐದು ಲ್ಯಾಪು ಹೊಡೆಯಿರಿ. ಐದರ ಸಮಯವೂ ಅರ್ಧ ಸೆಕೆಂಡಿನೊಳಗೆ ಕೂಡಿ ಬಂದರೆ ಈ ಕಾರು ಹೇಳಬೇಕಾದ್ದನ್ನು ಬಹುಪಾಲು ಹೇಳಿ ಮುಗಿಸಿದೆ. ಒಂದು ಲ್ಯಾಪು ಬಹಳ ವೇಗ, ಮುಂದಿನದು ಗೋಡೆ ಎಂದರೆ ಇನ್ನೂ ಇದರಲ್ಲೇ ಇರಿ. ಹೋಗುವಾಗ ಒಂದೇ ಸಂಗತಿ ಬದಲಿಸಿ: ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಹೋಗುವುದಾದರೆ ಶಕ್ತಿ ಹೆಚ್ಚಿಸಬೇಡಿ, ಶಕ್ತಿ ಹೆಚ್ಚಿಸುವುದಾದರೆ ಚಕ್ರ ಬದಲಿಸಬೇಡಿ. ಫಿಟ್‌ನಿಂದ ಸ್ವಿಫ್ಟ್ ಸ್ಪೋರ್ಟ್, ಅಥವಾ ಫಿಟ್‌ನಿಂದ ಎಂಎಕ್ಸ್-5, ಎರಡೂ ಸರಿ. ಫಿಟ್‌ನಿಂದ ನೇರ ಕಾರ್ವೆಟ್ ಬೇಡ.

ರಜೆ ಮುಗಿಸಿ ಗದಗಿಗೆ ಹೋದ ಹುಡುಗ ಮೊನ್ನೆ ರಾತ್ರಿ ಫೋನ್ ಮಾಡಿದ್ದ. ನಾಲ್ಕು ಲ್ಯಾಪು ಕೂಡಿ ಬಂದಿವೆಯಂತೆ, ಐದನೆಯದು ಪ್ರತಿ ಸಲ ಕೊನೆಯ ಉದ್ದನೆ ತಿರುವಿನಲ್ಲಿ ಹಾಳಾಗುತ್ತದಂತೆ. "ನೀ ಅಲ್ಲಿ ಬ್ರೇಕ್ ಎಲ್ಲಿ ಹಿಡೀತಿ ಮಾಮಾ?" ಎಂದು ಕೇಳಿದ. ಹೇಳಿದೆ. "ತಡಿ, ಫೋನ್ ಇಡಬ್ಯಾಡ" ಎಂದು ಅದನ್ನು ಪಕ್ಕಕ್ಕಿಟ್ಟ. ಟೈರಿನ ಸುಯ್ ಸದ್ದು ಈ ಕಡೆಗೆ ಕೇಳುತ್ತಿತ್ತು.